ಟ್ಯಾಬ್ ಕೊಳ್ಳುವ ಮೊದಲು ಸ್ಕೇಲ್ ಹಿಡಿದು ಅಳೆಯಿರಿ

ಎಸ್‌ಎಸ್‌ಎಲ್‌ಸಿ, ಪಿಯುಸಿ ಫಲಿತಾಂಶ ಬಂದ ಮೇಲೆ ನನಗೆ ಬರುವ ಫೋನ್‌ಗಳಲ್ಲಿ ಒಂದು ಪ್ರಶ್ನೆ ತಪ್ಪುವುದಿಲ್ಲ. ‘ಮಗಳಿಗೆ ಟ್ಯಾಬ್ ಕೊಡಿಸಬೇಕು, ಯಾವುದು ಒಳ್ಳೇದು?’ ಕೆಲವರು ಅಪ್ಪನಿಗೆ ಓದಲು ಬೇಕು ಅಂತಾರೆ. ಕೆಲವರಿಗೆ ಹದಿನೈದು ಸಾವಿರದೊಳಗೆ ಮುಗಿಯಬೇಕು, ಕೆಲವರು ನಲವತ್ತು ಸಾವಿರ ಎತ್ತಿಟ್ಟಿರುತ್ತಾರೆ. ಬಹುತೇಕ ಎಲ್ಲರೂ ಪ್ರೊಸೆಸರ್ ಹೆಸರು, ಕ್ಯಾಮೆರಾದ ಮೆಗಾಪಿಕ್ಸೆಲ್ ಓದಿಕೊಂಡೇ ಬಂದಿರುತ್ತಾರೆ. ನಾನು ಕೇಳುವುದು ಬೇರೆ: ಆ ಸ್ಕ್ರೀನ್ ಮೇಲೆ ದಿನಾ ಏನನ್ನು ತೆರೆದಿಡುತ್ತೀರಿ?

ಈ ಪ್ರಶ್ನೆ ಕೇಳಬೇಕು ಅಂತ ನನಗೆ ಗೊತ್ತಾಗಿದ್ದು ಅಪ್ಪನಿಂದ. ಅವರಿಗೆ ಹಳೆಯ ಕನ್ನಡ ಪುಸ್ತಕ ಅಂದರೆ ಪ್ರಾಣ. ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕಗಳು ಬೇಕಾದಷ್ಟಿವೆ, ಉಚಿತವಾಗಿ ಸಿಗುತ್ತವೆ. ಅದನ್ನು ಓದಲಿ ಅಂತ ಎಂಟು ಇಂಚಿನ ಒಂದು ಟ್ಯಾಬ್ ತಂದುಕೊಟ್ಟೆ. ಅಕ್ಷರ ಚಿಕ್ಕದಾಗಿ ಕಾಣುತ್ತಿತ್ತು. ಹಿಗ್ಗಿಸಿದರೆ ಸಾಲು ಸ್ಕ್ರೀನ್‌ನಿಂದ ಆಚೆ ಹೋಗುತ್ತಿತ್ತು. ಒಂದೊಂದು ಸಾಲಿಗೂ ಎಡಕ್ಕೆ ಬಲಕ್ಕೆ ಎಳೆದು ಓದಬೇಕು. ವಾರದೊಳಗೆ ಅಪ್ಪ ಅದನ್ನು ಕಪಾಟಿನಲ್ಲಿಟ್ಟು ಲೈಬ್ರರಿಗೆ ಹೊರಟರು. ಟ್ಯಾಬ್ ಕೆಟ್ಟದ್ದೇನಲ್ಲ. ಅವರ ಕೆಲಸಕ್ಕೆ ಅದು ಸಾಲಲಿಲ್ಲ, ಅಷ್ಟೇ.

ಅದಕ್ಕೇ ಮಾಡೆಲ್‌ಗಳ ಹೆಸರಿಗೆ ಬರುವ ಮೊದಲು ಯಾವುದನ್ನು ನೋಡಬೇಕು ಅಂತ ಹೇಳುತ್ತೇನೆ.

ಮೊದಲು ಪುಟದ ಅಳತೆ

ಟ್ಯಾಬ್‌ನ ಇಂಚು ಅಂದರೆ ಮೂಲೆಯಿಂದ ಮೂಲೆಗೆ ಅಳೆದ ಲೆಕ್ಕ. ಓದುವವರಿಗೆ ಬೇಕಾದ್ದು ಅಗಲ. ಹನ್ನೊಂದು ಇಂಚಿನ ಎರಡು ಟ್ಯಾಬ್‌ಗಳ ಅಗಲ ಬೇರೆ ಬೇರೆ ಇರಬಹುದು. ಉದ್ದ-ಅಗಲದ ಅನುಪಾತ 16:10 ಇದ್ದರೆ ಅದು ನೀಳವಾಗಿ, ಸಿನಿಮಾ ನೋಡಲು ಹೊಂದುವಂತಿರುತ್ತದೆ. 4:3 ಅಥವಾ 7:5 ಇದ್ದರೆ ಪುಸ್ತಕದ ಪುಟದ ಹಾಗಿರುತ್ತದೆ.

ನಮ್ಮ ಕನ್ನಡ ಪುಸ್ತಕಗಳಲ್ಲಿ ತುಂಬಾ ಬಳಕೆಯಲ್ಲಿರುವುದು ಡೆಮಿ 1/8 ಅಳತೆ. ಅಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ. 16:10 ಅನುಪಾತದ ಹನ್ನೊಂದು ಇಂಚಿನ ಟ್ಯಾಬ್‌ನ ಅಗಲ ಸುಮಾರು 5.8 ಇಂಚು. ಹಾಗಾಗಿ ಡೆಮಿ ಪುಟ ಅದರಲ್ಲಿ ಕಾಗದದಲ್ಲಿದ್ದಷ್ಟೇ ದೊಡ್ಡದಾಗಿ ಕೂರುತ್ತದೆ. ಕಾದಂಬರಿ, ಕಥೆ ಓದುವವರಿಗೆ ಇಷ್ಟು ಸಾಕು.

ಎ4 ಪುಟದ ಕಥೆ ಬೇರೆ. ಅದರ ಅಗಲ 8.27 ಇಂಚು. ಕೋಚಿಂಗ್ ನೋಟ್ಸ್, ಹಳೆಯ ಪ್ರಶ್ನೆಪತ್ರಿಕೆ, ಸರ್ಕಾರಿ ಆದೇಶ ಹೆಚ್ಚಾಗಿ ಎ4. ಆ ಹನ್ನೊಂದು ಇಂಚಿನ ಟ್ಯಾಬ್ ಅದನ್ನು ಶೇ 70ಕ್ಕೆ ಕುಗ್ಗಿಸಿ ತೋರಿಸುತ್ತದೆ. ಸಾಮಾನ್ಯ ಐಪ್ಯಾಡ್‌ನ ಅಗಲ 6.2 ಇಂಚು, ಅದರಲ್ಲಿ ಶೇ 75. ಒನ್‌ಪ್ಲಸ್ ಪ್ಯಾಡ್ ಗೋ 6.6 ಇಂಚು, ಶೇ 80. ಹದಿಮೂರು ಇಂಚಿನ ಐಪ್ಯಾಡ್ ಏರ್‌ನಲ್ಲಿ ಪುಟವನ್ನು ಅಗಲಕ್ಕೆ ಹೊಂದಿಸಿದರೆ ಶೇ 94ರಷ್ಟು. 12 ಪಾಯಿಂಟ್‌ನಲ್ಲಿ ಅಚ್ಚಾದ ಅಕ್ಷರ ಮೊದಲನೆಯದರಲ್ಲಿ ಎಂಟೂವರೆ ಪಾಯಿಂಟ್‌ನಷ್ಟು, ಕೊನೆಯದರಲ್ಲಿ ಹನ್ನೊಂದರಷ್ಟು ಕಾಣುತ್ತದೆ.

ಕನ್ನಡಕ್ಕೆ ಇದು ಇಂಗ್ಲಿಷ್‌ಗಿಂತ ಮುಖ್ಯ. ನಮ್ಮ ಒತ್ತಕ್ಷರಗಳು ಮೊದಲೇ ಚಿಕ್ಕವು. ದ ಮತ್ತು ಧ, ಡ ಮತ್ತು ಢ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು. ಪುಟ ಕುಗ್ಗಿದಾಗ ಮೊದಲು ಮಾಯವಾಗುವುದು ಅದೇ. ಹಳೆಯ ಪುಸ್ತಕದ ಸ್ಕ್ಯಾನ್ ಆದರೆ ಇನ್ನೂ ಕಷ್ಟ. ಅದಕ್ಕೇ ಓದುವವರಿಗೆ ಸ್ಕ್ರೀನ್‌ನ ರೆಸಲ್ಯೂಷನ್, ಅಂದರೆ ಚುಕ್ಕಿಗಳ ಎಣಿಕೆ ಕೂಡ ಜಾಸ್ತಿ ಇರಲಿ. 1920×1200 ನಡೆಯುತ್ತದೆ, 2560×1600 ಇದ್ದರೆ ಕಣ್ಣಿಗೆ ಹಿತ.

ಆಮೇಲೆ ಪೆನ್, ಸಿಮ್, ಆಯಸ್ಸು, ಪೂರ್ತಿ ಖರ್ಚು

ಪೆನ್ ಅಂದರೆ ತುದಿಗೆ ರಬ್ಬರ್ ಇರುವ ಇನ್ನೂರು ರೂಪಾಯಿಯ ಕಡ್ಡಿಯಲ್ಲ. ಟ್ಯಾಬ್‌ಗೆಂದೇ ಮಾಡಿದ, ಅಂಗೈ ಊರಿದರೂ ಗೀಚದೆ ಬರೆಯುವ ಪೆನ್. ಗಣಿತ, ಭೌತಶಾಸ್ತ್ರ ಓದುವವರಿಗೆ, ಚಿತ್ರ ಬರೆಯುವವರಿಗೆ ಇದು ಬೇಕೇ ಬೇಕು. ಉಳಿದವರಿಗೆ ಬೇಡ. ಟ್ಯಾಬ್ ಯಾವ ಪೆನ್‌ಗೆ ಹೊಂದುತ್ತದೆ, ಅದು ಪೆಟ್ಟಿಗೆಯಲ್ಲೇ ಬರುತ್ತದಾ, ಬೇರೆ ಕೊಳ್ಳಬೇಕಾ ಅಂತ ಮೊದಲೇ ಕೇಳಿ.

ಸಿಮ್ ವಿಷಯದಲ್ಲಿ ನನ್ನ ಅಭಿಪ್ರಾಯ ಹೀಗೆ. ನಗರದ ಮನೆಯಲ್ಲಿ ವೈಫೈ ಇದ್ದರೆ ವೈಫೈ ಮಾಡೆಲ್ ಸಾಕು, ಹೊರಗೆ ಹೋದಾಗ ಫೋನಿನ ಹಾಟ್‌ಸ್ಪಾಟ್ ಇದೆ. ಹಳ್ಳಿಯಲ್ಲಿ ಕರೆಂಟ್ ಹೋದರೆ ರೂಟರ್ ಕೂಡ ಹೋಗುತ್ತದೆ. ಅಲ್ಲಿ ಜಾಸ್ತಿ ಕೊಟ್ಟಾದರೂ ಸಿಮ್ ಇರುವುದನ್ನೇ ತಗೊಳ್ಳಿ. ಕೆಲವು ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಸಿಮ್ ಹಾಕಿದರೆ ಫೋನ್‌ನಂತೆಯೇ ಕರೆ ಮಾಡಬಹುದು. ಸಿಮ್ ಇರುವ ಐಪ್ಯಾಡ್‌ನಲ್ಲಿ ಡೇಟಾ ಮಾತ್ರ, ಮಾಮೂಲಿ ಕರೆ ಹೋಗುವುದಿಲ್ಲ. ಇನ್ನೊಂದು ಮಾತು, ವೈಫೈ ಐಪ್ಯಾಡ್‌ನಲ್ಲಿ ಜಿಪಿಎಸ್ ಇರುವುದಿಲ್ಲ. ತೋಟ, ಜಮೀನು, ಸರ್ವೆ ಅಂತ ಓಡಾಡುವವರು ಇದನ್ನು ಮರೆಯಬೇಡಿ. ಫೋನ್‌ಪೇ, ಗೂಗಲ್‌ಪೇ ಥರದ ಯುಪಿಐ ಆ್ಯಪ್‌ಗಳು ಬ್ಯಾಂಕಿಗೆ ಜೋಡಿಸಿದ ಸಿಮ್‌ನಿಂದ ಎಸ್‌ಎಂಎಸ್ ಕಳಿಸಿ ಸಾಧನವನ್ನು ಗುರುತಿಸುತ್ತವೆ. ವೈಫೈ ಟ್ಯಾಬ್‌ನಲ್ಲಿ ಅವು ನಡೆಯುತ್ತವೆ ಅಂತ ನಂಬಿಕೊಂಡು ಕೊಳ್ಳಬೇಡಿ. ವಾಟ್ಸ್‌ಆ್ಯಪ್ ಮಾತ್ರ ಫೋನಿನ ಜೊತೆ ಜೋಡಿಸಿಕೊಂಡು ಎಲ್ಲದರಲ್ಲೂ ಬಳಸಬಹುದು. ಐಪ್ಯಾಡ್‌ಗೆ ಅದರ ಆ್ಯಪ್ 2025ರ ಮೇ ತಿಂಗಳಲ್ಲಿ ಬಂತು.

ಆಯಸ್ಸು ಅಂದರೆ ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ ಅನ್ನುವುದು. ಇದರಲ್ಲಿ ಆಪಲ್ ಮುಂದಿದೆ. 2019ರ ಏಳನೇ ತಲೆಮಾರಿನ ಐಪ್ಯಾಡ್‌ಗೆ 2024ರ ಐಪ್ಯಾಡ್‌ಒಎಸ್ 18 ಕೂಡ ಸಿಕ್ಕಿತು. ಅಗ್ಗದ ಆಂಡ್ರಾಯ್ಡ್ ಟ್ಯಾಬ್‌ಗಳಿಂದ ಅಷ್ಟು ನಿರೀಕ್ಷಿಸಬೇಡಿ. ಫೈಲ್ ಇಟ್ಟುಕೊಳ್ಳುವ ಮೆಮೊರಿ (ಸ್ಟೋರೇಜ್) 128 ಜಿಬಿಗಿಂತ ಕಡಿಮೆ ಬೇಡ. ಆಂಡ್ರಾಯ್ಡ್ ಆದರೆ, ಆ್ಯಪ್ ಸಲೀಸಾಗಿ ಓಡಲು ಬೇಕಾದ ರ್‍ಯಾಮ್ 6 ಜಿಬಿ ಇರಲಿ. 4 ಜಿಬಿ ಇರುವುದು ಮೊದಲ ವರ್ಷ ಚೆನ್ನಾಗಿ ನಡೆದು ಎರಡನೇ ವರ್ಷದಿಂದ ಎಳೆಯತೊಡಗುತ್ತದೆ.

ಪೂರ್ತಿ ಖರ್ಚಿನ ಲೆಕ್ಕಕ್ಕೆ ಕವರ್, ಗ್ಲಾಸ್, ಪೆನ್, ಬೇಕಿದ್ದರೆ ಕೀಬೋರ್ಡ್ ಎಲ್ಲವನ್ನೂ ಸೇರಿಸಿ. ರಿಪೇರಿಯನ್ನೂ ಸೇರಿಸಿ. ನಮ್ಮ ಮನೆಯ ಹುಡುಗನ ಟ್ಯಾಬ್ ಮಂಚದಿಂದ ಬಿದ್ದು ಸ್ಕ್ರೀನ್ ಒಡೆಯಿತು. ನಮ್ಮೂರಿನ ಸರ್ವಿಸ್ ಸೆಂಟರ್‌ನಲ್ಲಿ ಆ ಮಾಡೆಲ್‌ನ ಸ್ಕ್ರೀನ್ ಇರಲಿಲ್ಲ. ಎರಡು ತಿಂಗಳು ಕಾದೆವು. ಕೊನೆಗೆ ಹೇಳಿದ ರೇಟು ಟ್ಯಾಬ್‌ನ ಅರ್ಧ ಬೆಲೆಗಿಂತ ಜಾಸ್ತಿ. ಹಾಗಾಗಿ ನಿಮ್ಮ ಊರಲ್ಲಿ ಯಾವ ಕಂಪನಿಯ ಸರ್ವಿಸ್ ಇದೆ ಅನ್ನುವುದನ್ನು ಮೊದಲು ವಿಚಾರಿಸಿ. ತಾಲ್ಲೂಕು ಊರುಗಳಲ್ಲಿ ಇದೊಂದೇ ಕಾರಣಕ್ಕೆ ನಾನು ಮಾಡೆಲ್ ಬದಲಿಸಲು ಹೇಳಿದ್ದುಂಟು.

ಇನ್ನು ಮಾಡೆಲ್‌ಗಳು. ಇಲ್ಲಿ ಕೊಡುತ್ತಿರುವುದು ಭಾರತದಲ್ಲಿ ಬಿಡುಗಡೆಯಾದಾಗಿನ ಬೆಲೆ. ಅಂಗಡಿಯಲ್ಲಿ ಹೆಚ್ಚು ಕಡಿಮೆ ಇರುತ್ತದೆ. ಆದರೆ ಒಂದಕ್ಕೊಂದು ತೂಗಿ ನೋಡಲು ಈ ಅಂಕಿ ಸಾಕು.

ಹದಿನೈದು ಸಾವಿರದ ಆಸುಪಾಸು

ಇಲ್ಲಿ ನಾನು ಮೊದಲು ಹೇಳುವ ಹೆಸರು ರೆಡ್‌ಮಿ ಪ್ಯಾಡ್ 2. 2025ರ ಜೂನ್‌ನಲ್ಲಿ 13,999 ರೂಪಾಯಿಗೆ ಬಂತು. ಹನ್ನೊಂದು ಇಂಚು, 2560×1600 ಸ್ಕ್ರೀನ್, 9000 ಎಂಎಎಚ್ ಬ್ಯಾಟರಿ. ಈ ಬೆಲೆಗೆ ಇಷ್ಟು ತಿಳಿಯಾದ ಸ್ಕ್ರೀನ್ ಸಿಗುವುದು ಸಣ್ಣ ವಿಷಯವಲ್ಲ. ಆರಂಭದ ಬೆಲೆಯದು 4 ಜಿಬಿ ರ್‍ಯಾಮ್, ಹಾಗಾಗಿ ಸಾಧ್ಯವಾದರೆ ಒಂದು ಮೆಟ್ಟಿಲು ಮೇಲಿನದನ್ನು ತಗೊಳ್ಳಿ. ಅದಕ್ಕೂ ಹಿಂದಿನ ರೆಡ್‌ಮಿ ಪ್ಯಾಡ್ ಎಸ್‌ಇ 2024ರಲ್ಲಿ 12,999ಕ್ಕೆ ಬಂದಿತ್ತು. ಅದರ ಸ್ಕ್ರೀನ್ 1920×1200. ಪಾಠದ ವಿಡಿಯೊ ನೋಡಲು ಅದು ಸಾಕು. ಓದಲಿಕ್ಕೆ ಅಂದರೆ ಸಾವಿರ ರೂಪಾಯಿ ಹೆಚ್ಚು ಹಾಕುವುದೇ ಸರಿ.

ಈ ಬೆಲೆಯಲ್ಲಿ ಬಿಟ್ಟುಕೊಡುವುದೇನು? ವೇಗ ಮತ್ತು ಆಯಸ್ಸು. ಭಾರದ ಆಟ ಆಡಲು ಆಗುವುದಿಲ್ಲ. ಎರಡು ಆ್ಯಪ್ ಅಕ್ಕಪಕ್ಕ ತೆರೆದರೆ ತಡವರಿಸುತ್ತದೆ. ವಿಡಿಯೊ, ಪಿಡಿಎಫ್, ವಾಟ್ಸ್‌ಆ್ಯಪ್ ಸಲೀಸಾಗಿ ನಡೆಯುತ್ತದೆ.

ಇದಕ್ಕಿಂತ ಕೆಳಗೆ, ಎಂಟು ಸಾವಿರಕ್ಕೆ ಹೆಸರೇ ಕೇಳದ ಕಂಪನಿಗಳ ಟ್ಯಾಬ್‌ಗಳು ಸಿಗುತ್ತವೆ. ದಯವಿಟ್ಟು ಬೇಡ. 2011ರಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗೆಂದು ಆಕಾಶ್ ಟ್ಯಾಬ್ಲೆಟ್ ತಂದಿದ್ದು ನಿಮಗೆ ನೆನಪಿರಬಹುದು. ಉದ್ದೇಶ ತುಂಬಾ ಒಳ್ಳೆಯದು. ಆದರೆ 256 ಎಂಬಿ ರ್‍ಯಾಮ್, ಒತ್ತಿ ಒತ್ತಿ ಬಳಸಬೇಕಾದ ಏಳು ಇಂಚಿನ ಸ್ಕ್ರೀನ್. ಮಕ್ಕಳ ಕೈಗೆ ಬಂದರೂ ಓದಿಗೆ ಒದಗಲಿಲ್ಲ. ಇವತ್ತಿನ ಎಂಟು ಸಾವಿರದ ಟ್ಯಾಬ್ ಅಷ್ಟು ಕಳಪೆಯಲ್ಲ. ಆದರೂ ಓದುವ ಮಗುವಿನ ತಾಳ್ಮೆ ಕೆಡಿಸುವಷ್ಟು ನಿಧಾನ ಇರುತ್ತದೆ. ಕೆಲವದರಲ್ಲಿ ವೈಡ್‌ವೈನ್ ಎಲ್1 ಅನ್ನುವ ಪ್ರಮಾಣವೂ ಇರುವುದಿಲ್ಲ. ಅದಿಲ್ಲದಿದ್ದರೆ ನೆಟ್‌ಫ್ಲಿಕ್ಸ್ ಥರದವು ಎಚ್‌ಡಿಯಲ್ಲಿ ಬರುವುದೇ ಇಲ್ಲ, ಮಸುಕಾಗಿ ಕಾಣುತ್ತವೆ.

ಇಪ್ಪತ್ತು ಸಾವಿರಕ್ಕೆ

ಇಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಟ್ಯಾಬ್ ಎ9 ಪ್ಲಸ್ ಮತ್ತು ಒನ್‌ಪ್ಲಸ್ ಪ್ಯಾಡ್ ಗೋ ನಡುವೆ ತುಂಬಾ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಎರಡೂ 2023ರ ಅಕ್ಟೋಬರ್‌ನಲ್ಲಿ ಬಂದವು. ಸ್ಯಾಮ್‌ಸಂಗ್‌ನ 8 ಜಿಬಿ ವೈಫೈ ಮಾಡೆಲ್ 20,999, ಒನ್‌ಪ್ಲಸ್ 19,999. ಸ್ಯಾಮ್‌ಸಂಗ್‌ಗೆ 5ಜಿ ಮಾಡೆಲ್ ಇದೆ, ಸರ್ವಿಸ್ ಸೆಂಟರ್‌ಗಳೂ ಹೆಚ್ಚು ಊರುಗಳಲ್ಲಿವೆ. ಒನ್‌ಪ್ಲಸ್‌ನ ಸ್ಕ್ರೀನ್ 11.35 ಇಂಚು, 7:5 ಅನುಪಾತ. ಎ4 ಪುಟದ ಆಕಾರಕ್ಕೆ ಇದಕ್ಕಿಂತ ಹತ್ತಿರ ಬರುವುದು ಸಿಗುವುದು ಕಷ್ಟ. ಓದುವವರಿಗೆ ನಾನು ಒನ್‌ಪ್ಲಸ್ ಅಂತೀನಿ. ಮನೆಮಂದಿಯೆಲ್ಲ ಬಳಸಲಿಕ್ಕೆ, ಊರಲ್ಲೇ ರಿಪೇರಿ ಆಗಬೇಕು ಅನ್ನುವವರಿಗೆ ಸ್ಯಾಮ್‌ಸಂಗ್. ಎರಡಕ್ಕೂ ಒಳ್ಳೆಯ ಪೆನ್ ಹೊಂದುವುದಿಲ್ಲ. ಬರೆಯಬೇಕು ಅನ್ನುವವರು ಈ ಬೆಲೆಯಲ್ಲಿ ನಿಲ್ಲಬೇಡಿ.

ಮೂವತ್ತರಿಂದ ನಲವತ್ಮೂರು ಸಾವಿರ: ನಿಜವಾದ ಗೊಂದಲ ಇಲ್ಲೇ

ಒಬ್ಬ ವಿದ್ಯಾರ್ಥಿಗೆ ಪಿಯುಸಿಯಿಂದ ಎಂಜಿನಿಯರಿಂಗ್ ಮುಗಿಯುವವರೆಗೆ ಒಂದೇ ಟ್ಯಾಬ್ ಸಾಕು ಅನ್ನುವಂಥದ್ದು ಈ ಬೆಲೆಯಲ್ಲಿ ಸಿಗುತ್ತದೆ. ಅದಕ್ಕೇ ಇಲ್ಲಿ ನಿಧಾನವಾಗಿ ಲೆಕ್ಕ ಹಾಕೋಣ.

2025ರಲ್ಲಿ ಬಂದ ಎ16 ಚಿಪ್‌ನ ಐಪ್ಯಾಡ್ 34,900 ರೂಪಾಯಿ, 128 ಜಿಬಿ. ವೇಗ, ಆಯಸ್ಸು, ಒಳ್ಳೆಯ ಆ್ಯಪ್‌ಗಳು, ಮಾರುವಾಗ ಸಿಗುವ ಬೆಲೆ, ಈ ನಾಲ್ಕರಲ್ಲೂ ಈ ಬೆಲೆಯ ಬೇರೆ ಟ್ಯಾಬ್ ಅದರ ಸಮಕ್ಕೆ ಬರುವುದಿಲ್ಲ. ಆದರೆ ಪೆನ್ ಬೇರೆ. ಯುಎಸ್‌ಬಿ-ಸಿ ಆಪಲ್ ಪೆನ್ಸಿಲ್‌ಗೆ 7,900. ಅಲ್ಲಿಗೆ 42,800 ಆಯಿತು.

ಗ್ಯಾಲಕ್ಸಿ ಟ್ಯಾಬ್ ಎಸ್10 ಎಫ್‌ಇ ಬಿಡುಗಡೆಯ ಬೆಲೆ 42,999. ಸ್ಯಾಮ್‌ಸಂಗ್‌ನ ಎಸ್ ಪೆನ್ ಪೆಟ್ಟಿಗೆಯಲ್ಲೇ ಬರುತ್ತದೆ. ಅಂದರೆ ಪೆನ್ ಸೇರಿಸಿ ನೋಡಿದರೆ ಎರಡೂ ಹೆಚ್ಚುಕಡಿಮೆ ಒಂದೇ ಬೆಲೆ! ಈ ಒಂದು ಕೂಡುವ ಲೆಕ್ಕ ಹಾಕದೆ ಎಷ್ಟೋ ಜನ ಐಪ್ಯಾಡ್ ಅಗ್ಗ ಅಂದುಕೊಳ್ಳುತ್ತಾರೆ.

ಈಗ ಪೆನ್‌ಗಳನ್ನೇ ಹೋಲಿಸಿ. ಯುಎಸ್‌ಬಿ-ಸಿ ಪೆನ್ಸಿಲ್‌ಗೆ ಒತ್ತಡ ತಿಳಿಯುವುದಿಲ್ಲ. ಗಟ್ಟಿಯಾಗಿ ಒತ್ತಿದರೂ ಹಗುರವಾಗಿ ಎಳೆದರೂ ಗೆರೆ ಒಂದೇ ದಪ್ಪ. ನೋಟ್ಸ್‌ಗೆ ತೊಂದರೆಯಿಲ್ಲ, ಚಿತ್ರಕ್ಕೆ ತೊಂದರೆ. ಅದನ್ನು ಚಾರ್ಜ್ ಕೂಡ ಮಾಡಬೇಕು. ಎಸ್ ಪೆನ್‌ಗೆ ಒತ್ತಡ ತಿಳಿಯುತ್ತದೆ, ಬರೆಯಲು ಚಾರ್ಜ್ ಬೇಕಿಲ್ಲ. ಈ ಐಪ್ಯಾಡ್‌ನ ಗಾಜಿಗೂ ಸ್ಕ್ರೀನ್‌ಗೂ ನಡುವೆ ತೆಳುವಾದ ಸಂದು ಇದೆ. ಬರೆಯುವಾಗ ಅಕ್ಷರ ಪೆನ್ನಿನ ತುದಿಯಿಂದ ಕೂದಲೆಳೆಯಷ್ಟು ಕೆಳಗೆ ಮೂಡಿದ ಹಾಗೆ ಕಾಣುತ್ತದೆ. ಕೆಲವರಿಗೆ ಎರಡು ದಿನದಲ್ಲಿ ರೂಢಿಯಾಗುತ್ತದೆ. ಕೆಲವರಿಗೆ ಆಗುವುದೇ ಇಲ್ಲ. ಎಸ್10 ಎಫ್‌ಇಗೆ ಐಪಿ68 ಇದೆ, ಮಳೆನೀರಿಗೆ, ದೂಳಿಗೆ ಹೆದರಬೇಕಿಲ್ಲ. ಮಲೆನಾಡಿನಲ್ಲಿ ಬಸ್ಸಿಗೆ ಕಾಯುವ ಹುಡುಗರಿಗೆ ಇದು ಸುಮ್ನೆ ಬರೆದ ಸಾಲಲ್ಲ. ಮೈಕ್ರೊ ಎಸ್‌ಡಿ ಕಾರ್ಡ್ ಕೂಡ ಹಾಕಬಹುದು. ಐಪ್ಯಾಡ್‌ನಲ್ಲಿ ಆ ಅವಕಾಶವಿಲ್ಲ.

ಹಾಗಾದರೆ ಐಪ್ಯಾಡ್ ಯಾರಿಗೆ? ಪೆನ್ ಬೇಡದವರಿಗೆ. ಏಳೆಂಟು ವರ್ಷ ಒಂದನ್ನೇ ಬಳಸುವವರಿಗೆ. ಮನೆಯಲ್ಲಿ ಈಗಾಗಲೇ ಐಫೋನ್ ಇರುವವರಿಗೆ. ಪ್ರೊಕ್ರಿಯೇಟ್ ಆ್ಯಪ್ ಬೇಕು ಅನ್ನುವ ಕಲಾವಿದರಿಗೂ ಐಪ್ಯಾಡ್ ಬಿಟ್ಟು ದಾರಿಯಿಲ್ಲ. ಆದರೆ ಅವರು ಒತ್ತಡ ತಿಳಿಯುವ ಪೆನ್ಸಿಲ್ ಆರಿಸಿಕೊಳ್ಳಬೇಕು.

ದುಡ್ಡು ಸ್ವಲ್ಪ ಬಿಗಿ ಅನ್ನುವವರಿಗೆ ನಾನು ತೋರಿಸುವುದು ಗ್ಯಾಲಕ್ಸಿ ಟ್ಯಾಬ್ ಎಸ್10 ಲೈಟ್. 2025ರಲ್ಲಿ 30,999ಕ್ಕೆ ಬಂತು, ಎಸ್ ಪೆನ್ ಜೊತೆಗೇ ಇದೆ. ಐಪಿ68 ಇಲ್ಲ, ವೇಗವೂ ಎಫ್‌ಇಗಿಂತ ಕಡಿಮೆ. ಆದರೆ ಐಪ್ಯಾಡ್ ಮತ್ತು ಪೆನ್ಸಿಲ್‌ಗಿಂತ ಸುಮಾರು ಹನ್ನೆರಡು ಸಾವಿರ ಉಳಿಯುತ್ತದೆ. ಒಂದು ಸೆಮಿಸ್ಟರ್‌ನ ಪುಸ್ತಕದ ಖರ್ಚು, ಬಸ್ ಪಾಸು ಎಲ್ಲ ಅದರಲ್ಲಿ ಬರುತ್ತದೆ. ನೀಟ್, ಸಿಇಟಿಗೆ ಓದುವ ಮಕ್ಕಳಿಗೆ ನನ್ನ ಮೊದಲ ಆಯ್ಕೆ ಇದೇ.

ಶಿಯೋಮಿ ಪ್ಯಾಡ್ 7 ಬೇರೆ ಜಾತಿಯದು. 27,999ಕ್ಕೆ 11.2 ಇಂಚಿನ 3200×2136 ಸ್ಕ್ರೀನ್. ಅಷ್ಟು ತಿಳಿಯಾದ ಕನ್ನಡ ಅಕ್ಷರವನ್ನು ಈ ಬೆಲೆಯಲ್ಲಿ ನಾನು ಬೇರೆಲ್ಲೂ ನೋಡಿಲ್ಲ. ಅನುಪಾತ 3:2, ಹಾಗಾಗಿ ಪುಟವೂ ಚೆನ್ನಾಗಿ ಕೂರುತ್ತದೆ, ಸಿನಿಮಾಕ್ಕೂ ಪರವಾಗಿಲ್ಲ. ವೇಗವೂ ಜೋರಾಗಿದೆ. ಕೊರತೆ ಎರಡು: ಪೆನ್ ಬೇರೆ ಕೊಳ್ಳಬೇಕು, ಮೆಮೊರಿ ಕಾರ್ಡ್ ಹಾಕಲಾಗದು. ಓದು, ವಿಡಿಯೊ, ಸ್ವಲ್ಪ ಆಟ ಮಾತ್ರ ಸಾಕು ಅನ್ನುವವರು ಇದನ್ನು ತಗೊಂಡು ನೆಮ್ಮದಿಯಾಗಿರಬಹುದು.

ಅದಕ್ಕೂ ಮೇಲೆ

ಐಪ್ಯಾಡ್ ಏರ್ ಎಂ3 59,900, ಹದಿಮೂರು ಇಂಚಿನದು 79,900. ಐಪ್ಯಾಡ್ ಪ್ರೊ 99,900ರಿಂದ ಶುರು. ಏರ್‌ಗೆ ಪೆನ್ಸಿಲ್ ಪ್ರೊ ಸೇರಿಸಿದರೆ ಇನ್ನೂ 11,900. ಚಿತ್ರ, ವಿನ್ಯಾಸ, ವಿಡಿಯೊ ಎಡಿಟಿಂಗ್‌ನಿಂದ ದುಡಿಯುವವರಿಗೆ ಇದು ಉಪಕರಣ, ಖರ್ಚಲ್ಲ. ಉಳಿದವರು ಇಲ್ಲಿಗೆ ಬರಬೇಕಿಲ್ಲ. ಒಂದೇ ಒಂದು ವಿನಾಯಿತಿ ಕೊಡುತ್ತೇನೆ: ದಿನವಿಡೀ ಎ4 ಕಡತ ಓದುವ ವಕೀಲರು, ಸಂಶೋಧಕರು. ಅವರಿಗೆ ಹದಿಮೂರು ಇಂಚಿನ ಏರ್ ಕಣ್ಣಿನ ಆರೋಗ್ಯಕ್ಕೆ ಹಾಕುವ ದುಡ್ಡು. 49,900ರ ಐಪ್ಯಾಡ್ ಮಿನಿ 293 ಗ್ರಾಂ ಮಾತ್ರ, ಒಂದೇ ಕೈಯಲ್ಲಿ ಹಿಡಿಯಬಹುದು. ಡೆಮಿ ಪುಟ ಅದರಲ್ಲಿ ಓದಲು ಅಡ್ಡಿಯಿಲ್ಲ. ಎ4 ಮಾತ್ರ ಆಗುವುದೇ ಇಲ್ಲ.

ಲ್ಯಾಪ್‌ಟಾಪ್ ಬದಲು ಟ್ಯಾಬ್ ಸಾಕಾ?

ಕನ್ನಡದಲ್ಲಿ ಬರೆಯುವವರು ಇದನ್ನು ತುಂಬಾ ಕೇಳುತ್ತಾರೆ. ನೀವು ಯೂನಿಕೋಡ್‌ನಲ್ಲಿ ಬರೆದು ಮೇಲ್ ಮಾಡುವವರಾದರೆ ಸಾಕು. ಆಂಡ್ರಾಯ್ಡ್‌ನಲ್ಲಿ ಗೂಗಲ್‌ನ ಕೀಬೋರ್ಡ್ ಆ್ಯಪ್ ಜಿಬೋರ್ಡ್‌ನಲ್ಲಿ ಕನ್ನಡ ಟೈಪಿಂಗ್, ಧ್ವನಿ ಟೈಪಿಂಗ್ ಎರಡೂ ಇದೆ. ಆದರೆ ಕಚೇರಿಯಲ್ಲಿ ನುಡಿ ಅಥವಾ ಬರಹದ ಹಳೆಯ ಫಾಂಟ್‌ನಲ್ಲೇ ಕಡತ ಕೇಳುತ್ತಾರೆ ಅಂದರೆ ಟ್ಯಾಬ್ ಬೇಡ. ಅವು ವಿಂಡೋಸ್ ತಂತ್ರಾಂಶಗಳು. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಂಗಡಿಯವರಿಗೂ ಇದೇ ಮಾತು. ಆ ದುಡ್ಡಿಗೆ ಒಂದು ಲ್ಯಾಪ್‌ಟಾಪ್ ತಗೊಳ್ಳಿ. ಟ್ಯಾಬ್‌ಗೆ ಕೀಬೋರ್ಡ್ ಜೋಡಿಸುವ ಯೋಚನೆ ಇದ್ದರೆ, ನೀವು ರೂಢಿ ಮಾಡಿಕೊಂಡ ಕೀಲಿಮಣೆ ವಿನ್ಯಾಸ ಅದರಲ್ಲಿ ನಡೆಯುತ್ತದಾ ಅಂತ ಅಂಗಡಿಯಲ್ಲೇ ಎರಡು ಸಾಲು ಟೈಪ್ ಮಾಡಿ ನೋಡಿ. ಆಪಲ್‌ನ ಮ್ಯಾಜಿಕ್ ಕೀಬೋರ್ಡ್ ಫೋಲಿಯೊ 24,900 ರೂಪಾಯಿ. ಅದನ್ನು ಐಪ್ಯಾಡ್‌ಗೆ ಸೇರಿಸಿದರೆ ಸುಮಾರು ಅರವತ್ತು ಸಾವಿರ, ಅಷ್ಟಕ್ಕೆ ಒಳ್ಳೆಯ ಲ್ಯಾಪ್‌ಟಾಪೇ ಬರುತ್ತದೆ.

ಹಿರಿಯರಿಗೆ, ಚಿಕ್ಕ ಮಕ್ಕಳಿಗೆ

ಹಿರಿಯರಿಗೆ ಕೊಡಿಸುವಾಗ ತೂಕ ನೋಡಿ. ಹನ್ನೊಂದು ಇಂಚಿನವು ಸಾಮಾನ್ಯವಾಗಿ ಅರ್ಧ ಕೆಜಿಯ ಆಸುಪಾಸು. ಹತ್ತು ನಿಮಿಷ ಹಿಡಿದರೆ ಮಣಿಕಟ್ಟು ನೋಯುತ್ತದೆ. ನಿಲ್ಲಿಸುವ ಕವರ್ ಜೊತೆಗೇ ತಗೊಳ್ಳಿ. ಆಂಡ್ರಾಯ್ಡ್ ಟ್ಯಾಬ್ ಆದರೆ, ಟೈಪ್ ಮಾಡಲು ಬಾರದವರಿಗೆ ಜಿಬೋರ್ಡ್‌ನ ಕೈಬರಹ ತುಂಬಾ ಸಹಾಯ. ಬೆರಳಿನಿಂದ ಕನ್ನಡದಲ್ಲಿ ಗೀಚಿದರೆ ಅಕ್ಷರವಾಗುತ್ತದೆ. ನಮ್ಮ ಅಪ್ಪನಿಗೆ ಎರಡನೇ ಸಲ 11.35 ಇಂಚಿನದು ತಂದೆವು. ಈಗ ಅದು ಅಜ್ಜಿಯ ಕಾಲದ ವ್ಯಾಸಪೀಠದ ಮೇಲೆ ಕೂತಿರುತ್ತದೆ. ಊಟ ಆದ ಮೇಲೆ ದಿನಾ ಎರಡು ಗಂಟೆ ಓದುತ್ತಾರೆ.

ಚಿಕ್ಕ ಮಕ್ಕಳಿಗೆ ಅಂತಲೇ ಟ್ಯಾಬ್ ಬೇಡ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಸ್ಕ್ರೀನ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಶಾಲೆಯ ಮಕ್ಕಳಾದರೆ ಹದಿನೈದು ಸಾವಿರದ್ದು ಸಾಕು. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು ಪಿಡಿಎಫ್ ರೂಪದಲ್ಲಿ ಉಚಿತವಾಗಿ ಸಿಗುತ್ತವೆ, ಅವನ್ನು ಮೊದಲೇ ಇಳಿಸಿಡಿ. ಆಂಡ್ರಾಯ್ಡ್‌ನಲ್ಲಿ ಫ್ಯಾಮಿಲಿ ಲಿಂಕ್, ಐಪ್ಯಾಡ್‌ನಲ್ಲಿ ಸ್ಕ್ರೀನ್ ಟೈಮ್ ಹಾಕಿ, ಬಳಕೆಗೆ ಮಿತಿ ಇಟ್ಟು ಕೊಡಿ.

ಅಂಗಡಿಗೆ ಹೋಗುವಾಗ

ನೀವು ನಿಜವಾಗಿ ಓದುವ ಒಂದು ಪಿಡಿಎಫ್ ಅನ್ನು ನಿಮಗೇ ಮೇಲ್ ಮಾಡಿಕೊಂಡು ಹೋಗಿ. ಅಂಗಡಿಯಲ್ಲಿ ಇಟ್ಟಿರುವ ಟ್ಯಾಬ್‌ಗಳಲ್ಲಿ ಓಡುತ್ತಿರುವ ಬಣ್ಣಬಣ್ಣದ ವಿಡಿಯೊ ನಿಲ್ಲಿಸಿ, ನಿಮ್ಮ ಪುಟ ತೆರೆಯಿರಿ. ಉದ್ದುದ್ದ ಹಿಡಿಯಿರಿ, ಹಿಗ್ಗಿಸಬೇಡಿ. ಜೇಬಿನಲ್ಲಿ ಒಂದು ಸ್ಕೇಲ್ ಇದ್ದರೆ ಅಗಲ ಅಳೆಯಿರಿ. ಪೆನ್ ಬೇಕಾದವರು ನಿಮ್ಮ ಹೆಸರನ್ನು ಕನ್ನಡದಲ್ಲಿ ನಾಲ್ಕು ಸಲ ಬರೆದು ನೋಡಿ. ಅಂಗಡಿಯವರು ಏನಂದುಕೊಳ್ಳುತ್ತಾರೋ ಅಂತ ಸಂಕೋಚ ಬೇಡ, ದುಡ್ಡು ನಿಮ್ಮದು. ಕನ್ನಡಕ ಹಾಕುವವರು ಹಾಕಿಕೊಂಡೇ ಎರಡು ಪುಟ ಓದಿ. ಒತ್ತಕ್ಷರ ತಡವರಿಸದೆ ಓದಿಸಿಕೊಂಡು ಹೋದರೆ ಬಿಲ್ ಮಾಡಿಸಿ.